ನಾಲ್ಕು ವರ್ಷ ಲೈಬ್ರರಿ ಕಾರ್ಯಕ್ರಮಗಳಿಗೆ ಹೋಗಿ ಬಂದವನ ವಿಮರ್ಶೆ: ಐದು ಗಂಟೆ ಅಂದ್ರೆ ಎಷ್ಟು ಗಂಟೆ?

ಆಹ್ವಾನ ಪತ್ರಿಕೆಯಲ್ಲಿ 'ಸಂಜೆ 5 ಗಂಟೆಗೆ ಸರಿಯಾಗಿ' ಅಂತ ಇರುತ್ತದೆ. ಮೊದಲ ವರ್ಷ ನಾನು ಆ 'ಸರಿಯಾಗಿ'ಯನ್ನು ನಂಬಿದ್ದೆ. ಸೊಸೈಟಿಯಲ್ಲಿ ಲೆಕ್ಕ ಬರೆಯೋದು ನನ್ನ ಕೆಲಸ. ನಾಲ್ಕೂವರೆಗೆ ಕ್ಯಾಶ್ ಮುಗಿಸಿ, ಮನೆಗೂ ಹೋಗದೆ, ಬೆವರು ಒರೆಸಿಕೊಂಡು ಓಡಿ ಬರುತ್ತಿದ್ದೆ. ಬಂದು ನೋಡಿದರೆ ಬ್ಯಾನರ್ ಕಟ್ಟೋಕೆ ಹಗ್ಗ ಹುಡುಕುತ್ತಾ ಇರುತ್ತಿದ್ದರು.

ಶಿವಮೊಗ್ಗ ಜಿಲ್ಲೆಯ ಒಂದು ತಾಲ್ಲೂಕು ಊರು ನಮ್ಮದು. ಲೈಬ್ರರಿ ಹೇಗಿದೆ ಅಂತ ಹೇಳಬೇಕಾಗಿಲ್ಲ, ನಿಮ್ಮೂರಿನದ್ದೂ ಹಾಗೇ ಇರುತ್ತದೆ. ಹಿಂದುಗಡೆಯ ಓದುವ ಹಾಲ್‌ಗೆ ತಗಡಿನ ಶೀಟ್ ಹಾಕಿದ್ದಾರೆ ಅನ್ನೋದು ಮಾತ್ರ ಗೊತ್ತಿರಲಿ. ಜುಲೈನಲ್ಲಿ ಮಳೆ ಹಿಡಿದರೆ ಭಾಷಣಕಾರರ ಬಾಯಿ ಆಡೋದು ಕಾಣುತ್ತದೆ, ಅಷ್ಟೇ. ಅಡಿಕೆ ಸುಲಿತ ಶುರುವಾದ ಮೇಲೆ ಅರ್ಧ ಕುರ್ಚಿ ಖಾಲಿ.

ನನ್ನ ಸಿಟ್ಟು ಮಳೆಯ ಮೇಲಲ್ಲ, ಟೈಮಿನ ಮೇಲೆ. ಒಂದು ಸಂಜೆ ಆಹ್ವಾನ ಪತ್ರಿಕೆಯ ಹಿಂಬದಿಯಲ್ಲೇ ಲೆಕ್ಕ ಬರೆದಿಟ್ಟೆ. 5.00, ಬ್ಯಾನರ್. 5.50, ಅತಿಥಿಗಳ ಕಾರು. ಆಮೇಲೆ ನಾಡಗೀತೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಗಿಡಕ್ಕೆ ನೀರು ಹಾಕಿ ಉದ್ಘಾಟನೆ, ಉದ್ಘಾಟಿಸಿದವರ ಎರಡು ಮಾತು. ಆ ಎರಡು ಮಾತು ಇಪ್ಪತ್ತು ನಿಮಿಷ. ಶಾಲು, ಹಾರ, ಫೋಟೋ, ಫೋಟೋ ಸರಿ ಬರಲಿಲ್ಲ ಅಂತ ಇನ್ನೊಂದು ಸಲ ಶಾಲು. 7.05ಕ್ಕೆ ಉಪನ್ಯಾಸ. 7.30ಕ್ಕೆ ಭಾಷಣಕಾರರ ಕೈಗೆ ಚೀಟಿ. 8 ಗಂಟೆಗೆ ಬಾಗಿಲು ಹಾಕಬೇಕು, ಅಟೆಂಡರ್ ಅಣ್ಣ ಬೀಗದ ಕೈ ಹಿಡಿದು ನಿಂತಾಗಿದೆ. ಮೂರು ಗಂಟೆಯಲ್ಲಿ ನಾನು ಯಾವುದಕ್ಕೆ ಬಂದಿದ್ದೆನೋ ಅದು ಇಪ್ಪತ್ತೈದು ನಿಮಿಷ.

ಇನ್ನೊಂದು ಸಲ ಆಗಸ್ಟ್ 12. ಗ್ರಂಥಪಾಲಕರ ದಿನ, ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಅವರ ಜನ್ಮದಿನ. ಗೋಡೆಯ ಫೋಟೋಗೆ ಗಂಧದ ಹಾರ ಹಾಕಿದ್ದರು. 1931ರಲ್ಲಿ ಅವರು ಪ್ರಕಟಿಸಿದ ಗ್ರಂಥಾಲಯದ ಐದು ಸೂತ್ರಗಳನ್ನು ಭಾಷಣಕಾರರು ಚೆನ್ನಾಗಿಯೇ ಬಿಡಿಸಿ ಹೇಳಿದರು. ಪುಸ್ತಕ ಇರೋದು ಬಳಸೋಕೆ, ಒಬ್ಬೊಬ್ಬ ಓದುಗನಿಗೂ ಅವನ ಪುಸ್ತಕ, ಹೀಗೆ. ನಾಲ್ಕನೆಯದು, 'ಓದುಗನ ಸಮಯ ಉಳಿಸಿ'. ಅದನ್ನು ಹೇಳುವಾಗ ಗಡಿಯಾರದಲ್ಲಿ ಏಳು ಹತ್ತು. ನಾನೊಬ್ಬನೇ ನಕ್ಕೆ. ಮುಂದಿನ ಸಾಲಿನವರು ತಿರುಗಿ ನೋಡಿದರು.

ಪುಕ್ಕಟೆ ಕಾರ್ಯಕ್ರಮಕ್ಕೆ ಇಷ್ಟು ಗೊಣಗೋದಾ ಅಂತ ನನ್ನ ಹೆಂಡತಿ ಕೇಳುತ್ತಾಳೆ. ಪುಕ್ಕಟೆ ಏನಲ್ಲ. ಮನೆ ಕಂದಾಯದ ರಸೀದಿ ತೆಗೆದು ನೋಡಿ, ಗ್ರಂಥಾಲಯ ಕರ ಅಂತ ನೂರಕ್ಕೆ 6 ರೂಪಾಯಿ ಕಟ್ಟಿರುತ್ತೀರಿ. 1965ರ ಕಾಯ್ದೆಯಿಂದ ಬಂದ ಕರ ಅದು. ಅದರ ಮೇಲೆ ನನ್ನ ಖರ್ಚು ಸಂಜೆಗೆ ನಲವತ್ತು ರೂಪಾಯಿ: ಎದುರಿನ ಅಂಗಡಿಯಲ್ಲಿ ಟೀ, ಒಂದು ಪೊಟ್ಟಣ ಖಾರ ಮಂಡಕ್ಕಿ, ಗಾಡಿಗೆ ಪೆಟ್ರೋಲ್. ಮಂಡಕ್ಕಿ ಒಳಗೆ ತರುವ ಹಾಗಿಲ್ಲ. ಹೊರಗಿನ ಕಟ್ಟೆ ಮೇಲೆ ಕೂತು, ಪೊಟ್ಟಣ ಕಟ್ಟಿದ ಹಳೇ ಪೇಪರಿನ ಸುದ್ದಿಯನ್ನೂ ಓದಿ ಮುಗಿಸಿ, ಕೈ ತೊಳೆದು ಒಳಗೆ ಹೋಗುತ್ತೇನೆ.

ದತ್ತಿ ಉಪನ್ಯಾಸಗಳ ಬಗ್ಗೆ ಮಾತ್ರ ಜಾಸ್ತಿ ಬೈಯೋಕೆ ಮನಸ್ಸು ಬರೋದಿಲ್ಲ. ಯಾರೋ ಅಪ್ಪ ಅಮ್ಮನ ಹೆಸರಲ್ಲಿ ಒಂದಿಷ್ಟು ದುಡ್ಡು ಇಡುಗಂಟು ಇಟ್ಟಿರುತ್ತಾರೆ. ಅದರ ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ. ಇಪ್ಪತ್ತು ವರ್ಷದ ಹಿಂದೆ ಇಟ್ಟ ಗಂಟಿನ ಬಡ್ಡಿ ಈಗ ಶಾಲು ಮತ್ತು ಫ್ಲೆಕ್ಸಿಗೇ ಸರಿಹೋಗುತ್ತದೆ. ಭಾಷಣಕಾರರಿಗೆ ಬಸ್ ಚಾರ್ಜು ಸಿಕ್ಕರೆ ಪುಣ್ಯ. ದಾನಿಗಳ ಮನೆಯವರು ಮುಂದಿನ ಸಾಲಿನಲ್ಲಿ ರೇಷ್ಮೆ ಸೀರೆ ಉಟ್ಟು ಕೂತಿರುತ್ತಾರೆ. ಅಜ್ಜನ ಹೆಸರು ಮೈಕಿನಲ್ಲಿ ಬಂದಾಗ ಮೊಮ್ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಅದಕ್ಕೆ ಹತ್ತು ನಿಮಿಷ ಹೋದರೆ ಹೋಗಲಿ, ಅಲ್ವಾ?

ಆದರೆ ಒಂದು ಹೇಳಲೇಬೇಕು. ಆ ಹಾಲ್‌ನಲ್ಲಿ ದಿನಾ ಓದೋ ಹುಡುಗರಿದ್ದಾರೆ. ಎಫ್‌ಡಿಎ, ಪಿಡಿಒ, ಪೊಲೀಸ್ ಕಾನ್‌ಸ್ಟೇಬಲ್, ಯಾವುದು ಕರೆದರೆ ಅದಕ್ಕೆ ಅರ್ಜಿ ಹಾಕುವವರು. ಬೆಳಗ್ಗೆ ಬಂದು ಡಬ್ಬಿ ತಂದು ಸಂಜೆವರೆಗೆ ಕೂರುತ್ತಾರೆ. ಕಾರ್ಯಕ್ರಮದ ದಿನ ಅವರ ಟೇಬಲ್ ಗೋಡೆಗೆ ತಳ್ಳಿ ಕುರ್ಚಿ ಹಾಕುತ್ತಾರೆ. ಜನ ಕಡಿಮೆ ಆದರೆ 'ಬನ್ರೋ, ಮುಂದೆ ಕೂತ್ಕೊಳ್ರೋ' ಅಂತ ಅವರನ್ನೇ ಕೂರಿಸುತ್ತಾರೆ. ಓದೋ ಜಾಗ ಕಿತ್ತುಕೊಂಡು, ಓದಿನ ಮಹತ್ವ ಕೇಳಿ ಅಂತ ಕೂರಿಸೋದು. ನವೆಂಬರ್ 14ರಿಂದ 20ರವರೆಗಿನ ಗ್ರಂಥಾಲಯ ಸಪ್ತಾಹದಲ್ಲಂತೂ ಪಾಪ, ಅವರ ಪಾಡು ಹೇಳತೀರದು.

ಎರಡನೇ ವರ್ಷ ನಾನು ಬುದ್ಧಿವಂತನಾದೆ. ಸ್ವಾಗತ ಭಾಷಣ ಮುಗಿಯೋವರೆಗೆ ಹಳೇ 'ಕಸ್ತೂರಿ' ಸಂಚಿಕೆಗಳ ಬೈಂಡ್ ತೆಗೆದು ಮೂಲೆಯಲ್ಲಿ ಕೂರೋದು. ಈ ತಡದಿಂದಲೇ ನನ್ನ ಓದು ಒಂದಿಷ್ಟು ಮುಂದೆ ಹೋಯಿತು ಅಂದರೆ ಸುಳ್ಳಲ್ಲ.

ಆಮೇಲೆ ಗಮಕ, ಅಂದರೆ ಹಳೇ ಕಾವ್ಯವನ್ನು ರಾಗವಾಗಿ ವಾಚಿಸಿ ಅರ್ಥ ಹೇಳೋದು, ಶುರುವಾಯಿತು. ನಾನು ಇದನ್ನು ಬರೆಯುತ್ತಿರೋದೇ ಅದಕ್ಕೆ. ನಮ್ಮ ಜಿಲ್ಲೆಗೆ ಗಮಕ ಹೊಸದಲ್ಲ. ತುಂಗೆಯ ದಡದ ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಊರೂರಲ್ಲೂ ಅದೇ ಮಾತಾಗಿತ್ತು. ನಮ್ಮಲ್ಲಿ ರಿಟೈರ್ ಆದ ಕನ್ನಡ ಮೇಷ್ಟ್ರೊಬ್ಬರು ವಾಚನ ಮಾಡುತ್ತಾರೆ. ಹೈಸ್ಕೂಲ್ ಟೀಚರ್ ಒಬ್ಬರು ಅರ್ಥ ಹೇಳುತ್ತಾರೆ. ತಿಂಗಳ ಮೂರನೇ ಶನಿವಾರ, ಕುಮಾರವ್ಯಾಸ ಭಾರತ. ಅದಿರೋದು ಭಾಮಿನಿ ಷಟ್ಪದಿ ಅನ್ನೋ ಆರು ಸಾಲಿನ ಪದ್ಯಗಳಲ್ಲಿ. ಬ್ಯಾನರ್ ಇಲ್ಲ, ಮೈಕ್ ಇಲ್ಲ, ಶಾಲೂ ಇಲ್ಲ. ಆರು ಗಂಟೆ ಅಂದರೆ ಆರು ಗಂಟೆಗೇ ಶುರು. ಹದಿನೈದು ಜನ ಬಂದರೆ ಭರ್ತಿ ಅಂತ ಲೆಕ್ಕ, ಹಾಗಾಗಿ ಟೇಬಲ್ ಸರಿಸುವ ಗೋಜಿಲ್ಲ. ಹುಡುಗರು ಅವರ ಪಾಡಿಗೆ ಓದುತ್ತಿರುತ್ತಾರೆ, ನಾವು ಪೇಪರ್ ಸ್ಟ್ಯಾಂಡಿನ ಪಕ್ಕ ಕೂರುತ್ತೇವೆ.

ಒಂದು ಶನಿವಾರ ಆ ಹುಡುಗರಲ್ಲೊಬ್ಬ ಜಿ.ಕೆ. ಪುಸ್ತಕಕ್ಕೆ ಬೆರಳಿಟ್ಟುಕೊಂಡೇ ಎದ್ದು ಬಂದ. "ಸಾರ್, ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕಿ ಮಾತ್ರೆ ಎಣಿಸೋದು ಗೊತ್ತು. ಒಂದನೇ ಸಾಲಿಗೆ ಹದಿನಾಲ್ಕು ಮಾತ್ರೆ. ನೀವು ಹಾಡುವಾಗ ಅದು ಎಲ್ಲಿ ಹೋಗುತ್ತೆ?" ಅಂದ. ಮೇಷ್ಟ್ರು ಮೊದಲು ಅದೇ ಪದ್ಯವನ್ನು ರಾಗ ಇಲ್ಲದೆ, ಟೇಬಲ್ ಮೇಲೆ ಬೆರಳು ಬಡಿಯುತ್ತಾ ಹೇಳಿದರು. ತಕಿಟ, ತಕದಿಮಿ, ತಕಿಟ, ತಕದಿಮಿ. ಮೂರು, ನಾಲ್ಕು, ಮೂರು, ನಾಲ್ಕು. ಮೂರನೇ ಸಾಲಿಗೆ ಬಂದಾಗ ಮೂರು ನಾಲ್ಕರ ಜೋಡಿ ಮೂರು ಸಲ, ಮೇಲೊಂದು ಗುರು, ಅಂದರೆ ಎರಡು ಮಾತ್ರೆಯ ಅಕ್ಷರ. ಹುಡುಗ ಬೆರಳು ಮಡಚಿ ಎಣಿಸಿದ. ಇಪ್ಪತ್ತಮೂರು. "ಆ ಕೊನೇ ಗುರು ಇದೆಯಲ್ಲ, ಅದನ್ನ ಎಳೆದು ಅಲ್ಲೇ ಉಸಿರು ತಗೊಳ್ತೀನಿ ಕಣಪ್ಪ" ಅಂದರು. ಆಮೇಲೆ ರಾಗದಲ್ಲಿ ಹಾಡಿದರು. ಗಮಕಕ್ಕೆ ತಾಳ ಇಲ್ಲ, ಮಾತಿನ ಅರ್ಥ ಎಲ್ಲಿ ಒಡೆಯುತ್ತದೋ ಅಲ್ಲಿ ನಿಲ್ಲುತ್ತಾರೆ. ಬಡಿತ ಒಳಗೆಲ್ಲೋ ಸೇರಿಹೋಯಿತು. ಹುಡುಗ ಬೆರಳು ಮಡಚೋದನ್ನು ಬಿಟ್ಟು ಸುಮ್ನೆ ನಿಂತು ಕೇಳಿದ. ಜಿ.ಕೆ. ಪುಸ್ತಕ ತಾನಾಗಿ ಮುಚ್ಚಿಕೊಂಡಿತ್ತು.

ದೋಷ ಇಲ್ಲ ಅಂತಲ್ಲ. ಶ್ರುತಿ ಪೆಟ್ಟಿಗೆ ಕೆಟ್ಟ ಮೇಲೆ ಮೇಷ್ಟ್ರು ಮೊಬೈಲಿನಲ್ಲೇ ಶ್ರುತಿ ಹಾಕುತ್ತಾರೆ. ಉದ್ಯೋಗ ಪರ್ವದಲ್ಲಿ ಕೃಷ್ಣ ಕರ್ಣನನ್ನು ರಥಕ್ಕೆ ಹತ್ತಿಸಿಕೊಂಡು ಪಕ್ಕದಲ್ಲಿ ಕೂರಿಸಿಕೊಂಡಿದ್ದಾನೆ, ಅಷ್ಟರಲ್ಲಿ ಸಾಲ ಬೇಕಾ ಅಂತ ಯಾರೋ ಫೋನ್ ಮಾಡಿದರು. ಶ್ರುತಿ ಕಟ್. ಟೀಚರ್ ನಗು ತಡೆಯೋಕಾಗದೆ ಪುಸ್ತಕ ಮುಖಕ್ಕೆ ಹಿಡಿದುಕೊಂಡರು. ಏರೋಪ್ಲೇನ್ ಮೋಡ್ ಹಾಕಿ ಸಾರ್ ಅಂತ ಎಷ್ಟು ಸಲ ಹೇಳಿದ್ದೇನೆ.

ಅಂಕ ಕೊಡಲೇಬೇಕು ಅಂದರೆ ವೇದಿಕೆ ಕಾರ್ಯಕ್ರಮಗಳಿಗೆ ಐದಕ್ಕೆ ಎರಡು. ಗಮಕಕ್ಕೆ ನಾಲ್ಕೂಮುಕ್ಕಾಲು, ಕಾಲು ಆ ಫೋನಿಗೆ ಹೋಯಿತು. ವೇದಿಕೆ ಕಾರ್ಯಕ್ರಮಕ್ಕೆ ಹೋಗುವವರು ಆರೂಮುಕ್ಕಾಲಕ್ಕೆ ಹೋಗಿ, ಏನೂ ತಪ್ಪೋದಿಲ್ಲ. ಗಮಕಕ್ಕೆ ಐದು ನಿಮಿಷ ಮುಂಚೆ ಹೋಗಿ. ಎಂಟು ಗಂಟೆಯ ಬೀಗ ಅದಕ್ಕೂ ಇದೆ. ಕಳೆದ ಸಲ ಕೃಷ್ಣ ಕರ್ಣನಿಗೆ ಅವನ ಹುಟ್ಟಿನ ಗುಟ್ಟು ಹೇಳಿ ಮುಗಿಸಿದ್ದ, ಕರ್ಣ ಇನ್ನೂ ಬಾಯಿ ತೆರೆದಿರಲಿಲ್ಲ, ಅಟೆಂಡರ್ ಅಣ್ಣ ಲೈಟ್ ಆರಿಸಿದರು. ಒಂದು ತಿಂಗಳಿಂದ ಕರ್ಣ ಹಾಗೇ ಕೂತಿದ್ದಾನೆ. ಈ ಶನಿವಾರ ಆರು ಗಂಟೆಗೆ ಉತ್ತರ ಕೊಡುತ್ತಾನೆ.