ಮೊಬೈಲಿಗೆ ಸಿಕ್ಕಿಸುವ 15ಎಕ್ಸ್ ಮ್ಯಾಕ್ರೋ ಲೆನ್ಸ್: ಪುಣೆಯಲ್ಲಿ ಎರಡು ವರ್ಷದ ಬಳಕೆ

ಮಾವು, ಹಾಗಲ, ಹೀರೆಗೆ ಬೀಳುವ ಹಣ್ಣುನೊಣದ ಜಾತಿ ಯಾವುದು, ಅದು ಗಂಡೋ ಹೆಣ್ಣೋ ಎಂದು ಫೋಟೋ ನೋಡಿ ಹೇಳಲು ಈ ಲೆನ್ಸ್ ಸಾಕಾಗುತ್ತದೆ. ಆದರೆ ಒಂದೇ ನೊಣವನ್ನು ಮೇಲಿನಿಂದ, ಪಕ್ಕದಿಂದ, ಮುಖದ ಕಡೆಯಿಂದ ತೆಗೆಯಬೇಕು, ಬಿಳಿ ಕಾಗದದ ಮೇಲೆ ರೆಕ್ಕೆಯನ್ನೂ ತೆಗೆಯಬೇಕು.

ಮಾವಿನ ಹಾವಳಿಕೋರ ಬ್ಯಾಕ್ಟ್ರೋಸೆರಾ ಡಾರ್ಸಾಲಿಸ್ ಎಂಬ ಹಣ್ಣುನೊಣ. ಇಲ್ಲಿಯ ಹಾಪೂಸ್‌ಗೂ ನಮ್ಮೂರ ಆಪೂಸಿಗೂ ಅದೇ ಕಾಟ. ಹೊಟ್ಟೆಯ ಮೇಲೆ ಕಪ್ಪು 'ಟಿ' ಗುರುತಿರುತ್ತದೆ, ಆದರೆ ಕೆಲವದರಲ್ಲಿ ಅದು ಮಸುಕು. ಹಾಗಾಗಿ ರೆಕ್ಕೆ ನೋಡಿ: ಮುಂದಂಚಿನುದ್ದಕ್ಕೂ ಸಣ್ಣ ಕಂದು ಪಟ್ಟಿ ಇದ್ದರೆ ಡಾರ್ಸಾಲಿಸ್, ಪಟ್ಟಿ ಕಡಿದು ತುದಿಯಲ್ಲಿ ಚುಕ್ಕೆಯಷ್ಟೇ ಉಳಿದಿದ್ದರೆ ಅದೇ ಕುಲದ ಇನ್ನೊಂದು ಜಾತಿ ಝೊನಾಟಾ. ಹಾಗಲ, ಹೀರೆಯ ನೊಣಕ್ಕೆ ಬೆನ್ನ ಎರಡೂ ಪಕ್ಕದ ಹಳದಿ ಗೆರೆಗಳ ಜೊತೆಗೆ ನಡುವೆ ಮೂರನೆಯದೂ ಇರುತ್ತದೆ. ಕೋಶದಿಂದ ಆಗತಾನೆ ಹೊರಬಂದ ನೊಣದಲ್ಲಿ ಇದಾವುದೂ ಮೂಡಿರುವುದಿಲ್ಲ, ಎರಡು ದಿನ ಕಾಯಿರಿ.

ಗಂಡು-ಹೆಣ್ಣಿಗೆ ಪಕ್ಕದ ಫೋಟೋವೇ ಮುಖ್ಯ. ಹೆಣ್ಣಿನ ಹೊಟ್ಟೆಯ ತುದಿಯಲ್ಲಿ ಮೊಟ್ಟೆಯಿಡುವ ಚೂಪು ಕೊಳವೆ ಇರುತ್ತದೆ. ಅದನ್ನು ಕೆಳಗೆ ಮಡಚಿಕೊಂಡಿದ್ದರೆ ಮೇಲಿನಿಂದ ಹೆಣ್ಣೂ ಗಂಡಿನಂತೆ ದುಂಡಗೆ ಕಾಣುತ್ತದೆ. ಗಂಡಿಗೆ ಹೊಟ್ಟೆಯ ಮೂರನೆಯ ಪಟ್ಟಿಯ ಪಕ್ಕದಲ್ಲಿ ಬಾಚಣಿಗೆಯಂಥ ಕೂದಲ ಸಾಲು. ಬೆಳಕು ಚೆನ್ನಾಗಿದ್ದರೆ ಈ ಲೆನ್ಸಿಗೆ ಅದೂ ಸಿಗುತ್ತದೆ. ನೊಣ ಹಿಡಿಯಲು ಮಿಥೈಲ್ ಯೂಜಿನಾಲ್ ಎಂಬ ವಾಸನೆಯ ರಾಸಾಯನಿಕ ಇಟ್ಟ ಬಲೆಗೆ ಬೀಳುವುದು ಗಂಡುಗಳೇ. ಹೆಣ್ಣು ಬೇಕೆಂದರೆ ಹುಳುಬಿದ್ದ ಹಣ್ಣನ್ನು ಮರಳು ಹಾಕಿದ ಡಬ್ಬಿಯಲ್ಲಿಟ್ಟು ಮೇಲೆ ತೆಳು ಬಟ್ಟೆ ಕಟ್ಟಿ, ಆಮೇಲೆ ಹೊರಬರುವ ನೊಣಗಳಲ್ಲಿ ಹೆಣ್ಣೂ ಸಿಗುತ್ತದೆ.

ಜೀವಂತ ನೊಣವಾದರೆ ಡಬ್ಬಿ ಸಮೇತ ಐದು ನಿಮಿಷ ಫ್ರಿಜ್ಜಿನಲ್ಲಿಡಿ, ಫ್ರೀಜರಿನಲ್ಲಲ್ಲ. ಮಳೆಗಾಲದಲ್ಲಿ ಹೊರತೆಗೆದ ಕೂಡಲೇ ಡಬ್ಬಿಯೆಲ್ಲ ಬೆವರುತ್ತದೆ. ನೊಣವನ್ನು ತಕ್ಷಣ ಒಣ ಗ್ರಾಫ್ ಕಾಗದದ ಮೇಲೆ ಹಾಕಿದರೆ ಅಳತೆಯೂ ಜೊತೆಗೇ ಸಿಗುತ್ತದೆ. ಲೆನ್ಸಿನಿಂದ ನೊಣಕ್ಕೆ ಸುಮಾರು 1.5 ಸೆಂ.ಮೀ. ಅಂತರ ಸಾಕು. ಪರದೆ ಮುಟ್ಟಿ ಫೋಕಸ್ ಮಾಡುವ ಬದಲು ಮೊಬೈಲನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತ 20 ಫೋಟೋ ತೆಗೆಯಿರಿ. ಎರಡು ಮೂರು ಚೆನ್ನಾಗಿ ಬರುತ್ತವೆ. ಚಿತ್ರದ ಸುತ್ತ ಕಪ್ಪು ವೃತ್ತ ಬಂದರೆ ಮೊಬೈಲು ತಾನಾಗಿ ವೈಡ್ ಕ್ಯಾಮೆರಾಗೆ ಹೋಗಿದೆ ಎಂದರ್ಥ. ಸೆಟ್ಟಿಂಗ್ಸ್‌ನಲ್ಲಿ ಆಟೋ ಮ್ಯಾಕ್ರೋ ಆಫ್ ಮಾಡಿ.

ಆದರೆ ಬಾಳೆಹಣ್ಣಿಗೆ ಮುತ್ತುವ ಪುಟ್ಟ ನೊಣ ಡ್ರೊಸೊಫಿಲಾದ ಮುಂದೆ ಈ ಲೆನ್ಸ್ ಸೋಲುತ್ತದೆ. ಹೊಟ್ಟೆಯ ತುದಿ ಕಪ್ಪಗಿದ್ದರೆ ಗಂಡು ಎನ್ನಬಹುದು, ಆದರೆ ಅದರ ಜಾತಿಗಳಲ್ಲಿ ಮೆಲನೊಗಾಸ್ಟರ್ ಯಾವುದು, ಸಿಮ್ಯುಲಾನ್ಸ್ ಯಾವುದು ಎಂದು ತಿಳಿಯಲು ಗಂಡಿನ ಜನನಾಂಗವನ್ನೇ ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಅಂಥ ಫೋಟೋಗೆ, ಫೋಟೋ ನೋಡಿ ಜೀವಿಯ ಹೆಸರು ಹೇಳುವ ಆ್ಯಪ್ ಐನ್ಯಾಚುರಲಿಸ್ಟ್ ಜಾತಿಯ ಹೆಸರು ಸೂಚಿಸಿದರೂ ಡ್ರೊಸೊಫಿಲಾ ಎಂಬ ಕುಲದ ಹೆಸರಿನಲ್ಲೇ ನಿಲ್ಲಿಸಿ.

ಎರಡನೇ ಮಳೆಗಾಲಕ್ಕೆ ಗಾಜಿನ ಒಳಗೆ ಬೂಷ್ಟು ಹಿಡಿಯಿತು, ಕ್ಲಿಪ್ಪಿನ ರಬ್ಬರೂ ಸಡಿಲವಾಯಿತು. ಕೊಂಡ ದಿನದಿಂದಲೇ ಲೆನ್ಸನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ.