ಸ್ಪ್ಲೆಂಡರ್ ಪ್ಲಸ್: ಚಕ್ರ ದೊಡ್ಡದು, ಭಾರ ಕಡಿಮೆ, ಬ್ರೇಕಿನದೊಂದೇ ಕೊರತೆ

ಹೊಸದಾಗಿ ಬೈಕು ತಗೊಳ್ಳಲು ಹೊರಟವರು ಮೈಲೇಜು ಕೇಳುತ್ತಾರೆ, ಪಿಕಪ್ ಕೇಳುತ್ತಾರೆ, ತಿಂಗಳಿಗೆ ಕಂತು ಎಷ್ಟು ಬೀಳುತ್ತದೆ ಅಂತ ಕೇಳುತ್ತಾರೆ. ಚಕ್ರ ಎಷ್ಟು ಇಂಚಿನದು ಅಂತ ಕೇಳಿದವರನ್ನು ನಾನು ಯಾವ ಶೋರೂಮಿನಲ್ಲೂ ಕಂಡಿಲ್ಲ. ಶಿರಸಿ ತಾಲ್ಲೂಕಿನ ಒಳಹಳ್ಳಿಗಳಲ್ಲಿ ದಿನವಿಡೀ ಓಡಾಡುವ ನನಗೆ ಮೊದಲು ಬೇಕಾಗಿದ್ದು ಆ ಲೆಕ್ಕವೇ.

ನಾನು ಪಶು ಆಸ್ಪತ್ರೆಯಲ್ಲಿ ವೆಟರ್ನರಿ ಇನ್ಸ್‌ಪೆಕ್ಟರ್. ಹಸು ಬೆದೆಗೆ ಬಂದಿದೆ, ಎಮ್ಮೆ ಮೇವು ಬಿಟ್ಟಿದೆ, ಕರು ಹಾಕಿ ಇಷ್ಟು ಹೊತ್ತಾದರೂ ಮಾಸು ಬಿದ್ದಿಲ್ಲ ಅಂತ ಫೋನ್ ಬಂದರೆ ಹೊರಡಬೇಕು. ನಮ್ಮ ಕಡೆ ಮನೆಗಳು ಡಾಂಬರು ರಸ್ತೆಯ ಪಕ್ಕದಲ್ಲಿ ಇರುವುದಿಲ್ಲ. ಮಣ್ಣಿನ ದಾರಿಯಲ್ಲಿ ಇಳಿದು, ದಣಪೆ (ಗಳುಗಳನ್ನು ಅಡ್ಡ ಹಾಕಿದ ಬೇಲಿ ಬಾಗಿಲು) ತೆಗೆದು, ಅಡಿಕೆ ತೋಟದ ಅಂಚು ಹಿಡಿದು ಹೋದರೆ ಮನೆ, ಮನೆಯ ಹಿಂದೆ ಕೊಟ್ಟಿಗೆ. ಬೆನ್ನಿಗೆ ಔಷಧಿ ಚೀಲ, ಜೊತೆಗೆ ಕೃತಕ ಗರ್ಭಧಾರಣೆಗೆ ಬೇಕಾದ ವೀರ್ಯದ ಕಡ್ಡಿಗಳನ್ನಿಟ್ಟ ನೈಟ್ರೋಜನ್ ಕ್ಯಾನು. ಅದರೊಳಗಿನ ದ್ರವ ಸಾರಜನಕದ ಉಷ್ಣತೆ ಮೈನಸ್ 196 ಡಿಗ್ರಿ. ಕ್ಯಾನು ಉರುಳಬಾರದು, ಜೋರಾಗಿ ಕುಲುಕಲೂ ಬಾರದು.

ಮೊದಲು ನನ್ನ ಹತ್ತಿರ ಇದ್ದದ್ದು ಸ್ಕೂಟರು. ಕ್ಯಾನು ಇಡಲು ಕಾಲ ಬಳಿಯ ಜಾಗ ಇದೆಯಲ್ಲ, ಅದಕ್ಕಿಂತ ಅನುಕೂಲ ಇನ್ನೊಂದಿಲ್ಲ, ಅದನ್ನು ಒಪ್ಪಲೇಬೇಕು. ಆದರೆ ಸ್ಕೂಟರಿನ ಚಕ್ರ ಸಣ್ಣದು. ಹೆಚ್ಚಿನವಕ್ಕೆ ಮುಂದೆ 12 ಇಂಚು, ಹಿಂದೆ 10 ಅಥವಾ 12. ಮಳೆ ನೀರು ಕೊರೆದ ಚರಂಡಿಯಂಥ ಗೀರಿನಲ್ಲಿ ಸಣ್ಣ ಚಕ್ರ ಪೂರ್ತಿ ಇಳಿದುಬಿಡುತ್ತದೆ, ದೊಡ್ಡ ಚಕ್ರ ಅದರ ಎರಡೂ ಅಂಚನ್ನು ಮುಟ್ಟಿಕೊಂಡು ದಾಟುತ್ತದೆ. ಪೇಟೆಯ ರಸ್ತೆಯಲ್ಲಿ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಜಂಬಿಟ್ಟಿಗೆ ಮಣ್ಣಿನ ಇಳಿಜಾರಿನಲ್ಲಿ, ಅದೂ ಆಷಾಢದಲ್ಲಿ, ಹ್ಯಾಂಡಲ್ ಹಿಡಿದ ಎರಡೂ ಕೈಗೆ ಗೊತ್ತಾಗುತ್ತದೆ.

ಹಾಗಾಗಿ ಬೈಕು ಅಂತ ನಿರ್ಧಾರವಾಯಿತು. ಶೋರೂಮಿನ ಹುಡುಗ "ಮೇಡಂ, ಲೇಡೀಸ್‌ಗೆ ಸ್ಕೂಟಿನೇ ಅಡ್ಡಿಲ್ಲ" ಅಂತ ಎರಡು ಸಲ ಹೇಳಿದ. "ನೀ ಒಂದ್ಸಲ ನಮ್ಮ ದಾರಿ ನೋಡು ಮಾರಾಯ, ಆಮೇಲೆ ಹೇಳು" ಅಂದೆ.

ಪಟ್ಟಿಯಲ್ಲಿ ಇದ್ದದ್ದು ನಾಲ್ಕು ಗಾಡಿ. ಹೋಂಡಾ ಶೈನ್ 100 ಅನ್ನು 2023ರಲ್ಲಿ ಬಿಟ್ಟರು. ಭಾರ ಬರೀ 99 ಕೆಜಿ, ಸೀಟಿನ ಎತ್ತರ 786 ಮಿಲಿಮೀಟರ್. ನಿಲ್ಲಿಸುವಾಗ, ತಿರುಗಿಸುವಾಗ ಅದರಷ್ಟು ಹಗುರ ಈ ಸಾಲಿನಲ್ಲಿ ಸಿಗುವುದು ಕಷ್ಟ. ಕೈಯಲ್ಲಿ ಅಷ್ಟು ಬಲವಿಲ್ಲ ಅನ್ನುವವರು ಅದನ್ನು ಖಂಡಿತ ನೋಡಬೇಕು. ಬಜಾಜ್ ಪ್ಲಾಟಿನಾ 100ಕ್ಕೆ ಉದ್ದದ ಮೆತ್ತಗಿನ ಸೀಟು, ಗಾಡಿಯ ಅಡಿಭಾಗ ನೆಲದಿಂದ 200 ಮಿಲಿಮೀಟರ್ ಎತ್ತರ. ಆದರೆ ಸೀಟು 807 ಮಿಲಿಮೀಟರ್, ಐದಡಿ ಚಿಲ್ಲರೆ ಎತ್ತರದ ನನಗೆ ಎರಡೂ ಪಾದ ಊರುವುದಿಲ್ಲ. ಟಿವಿಎಸ್ ರೈಡರ್ 125 ಮನಸ್ಸಿಗೆ ತುಂಬ ಹಿಡಿಸಿತ್ತು. 11 ಪಿಎಸ್ ದಾಟಿದ ಶಕ್ತಿ, ಐದು ಗೇರು, ಸೀಟು 780 ಮಿಲಿಮೀಟರ್. ಆದರೆ ಅದರ ಎರಡು ತುಂಡಿನ ಸೀಟು, ಮೇಲೆದ್ದ ಹಿಂಬದಿ ನೋಡಿದರೆ ಕ್ಯಾನು ಕಟ್ಟುವ ಜಾಗವೇ ಕಾಣಲಿಲ್ಲ. ಈ ಮೂರೂ ಗಾಡಿಗೆ 17 ಇಂಚಿನ ಚಕ್ರ. ಹೀರೋ ಸ್ಪ್ಲೆಂಡರ್ ಪ್ಲಸ್‌ಗೆ 18.

ಸ್ಪ್ಲೆಂಡರ್ ಯಾರಿಗೆ ಗೊತ್ತಿಲ್ಲ? 1994ರಲ್ಲಿ ಹೀರೋ ಹೋಂಡಾ ಇದ್ದಾಗ ಬಂದ ಹೆಸರು, ಎರಡು ಕಂಪನಿ ಬೇರೆಯಾದ ಮೇಲೂ ಉಳಿದುಕೊಂಡಿದೆ. 97.2 ಸಿಸಿ ಎಂಜಿನ್, 8 ಪಿಎಸ್ ಶಕ್ತಿ, ನಾಲ್ಕು ಗೇರು, 112 ಕೆಜಿ ಭಾರ, 785 ಮಿಲಿಮೀಟರ್ ಸೀಟು. ಈ ಅಂಕಿಗಳನ್ನು ನೋಡಿದರೆ ಯಾರಿಗೂ ಉತ್ಸಾಹ ಬರುವುದಿಲ್ಲ. ಓಡಿಸಿ ನೋಡಿದರೆ ಮಾತು ಬೇರೆ. ಸೀಟು ಮುಂದಕ್ಕೆ ಬರುತ್ತ ಸಪೂರವಾಗುತ್ತದೆ, ತೊಡೆ ಅಗಲವಾಗುವುದಿಲ್ಲ, ಕಾಲು ನೇರ ನೆಲಕ್ಕೆ ಹೋಗುತ್ತದೆ. ಹೊಸಬರು ಬೀಳುವುದು ವೇಗದಲ್ಲಿ ಅಲ್ಲ, ನಿಲ್ಲಿಸುವ ಹೊತ್ತಿಗೆ. ನಿಂತಾಗ ಪಾದ ಊರಿದರೆ ಅರ್ಧ ಭಯ ಅಲ್ಲಿಗೇ ಮುಗಿಯಿತು.

ಕಲಿಯುವವರಿಗೆ ಇದರ ಒಂದನೇ ಗೇರು ದೊಡ್ಡ ಉಪಕಾರಿ. ದಣಪೆಯ ಮುಂದೆ ಗಾಡಿ ನಿಲ್ಲಿಸಿ, ಗಳು ಸರಿಸಿ, ಮತ್ತೆ ಹತ್ತಿ ಕೂತು, ಕೆಸರಿನಲ್ಲೇ ಹೊರಡಬೇಕು ಅಂದುಕೊಳ್ಳಿ. ಕ್ಲಚ್ಚನ್ನು ನಿಧಾನ ಬಿಡುತ್ತ ಬಂದರೆ ಒಂದು ಕಡೆ ಗಾಡಿ ಸ್ವಲ್ಪ ಮುಂದಕ್ಕೆ ವಾಲುತ್ತದೆ. ಅಲ್ಲೇ ಕೈ ತಡೆದು ಎಕ್ಸಲೇಟರ್ ಚೂರೇ ಚೂರು ಕೊಟ್ಟರೆ ಹಿಂದಿನ ಚಕ್ರ ಸುಮ್ಮನೆ ತಿರುಗದೆ ಕೆಸರನ್ನು ಕಚ್ಚಿ ಎದ್ದು ಬರುತ್ತದೆ. ಶಕ್ತಿ ಜಾಸ್ತಿ ಇರುವ ಗಾಡಿಯಲ್ಲಿ ಅದೇ ಚೂರು ಜಾಸ್ತಿಯಾಗಿ ಹಿಂಬದಿ ಪಕ್ಕಕ್ಕೆ ಜಾರುತ್ತದೆ. ಗುರುತಿಲ್ಲದವರು ಕೈಯಿಟ್ಟರೂ ಒದೆಯದ ಸಾಧು ಹಸುವಿನ ಹಾಗೆ ಈ ಎಂಜಿನ್ನು. ಕ್ಲಚ್ಚು ತಪ್ಪಿ ಬಿಟ್ಟರೆ ಆಫ್ ಆಗುತ್ತದೆ, ಹಾರುವುದಿಲ್ಲ.

ಗೇರಿನ ಬಗ್ಗೆ ಒಂದು ಎಚ್ಚರಿಕೆ ಹೇಳಬೇಕು. ಇದರಲ್ಲಿ ನಾಲ್ಕೂ ಗೇರು ಮುಂದಿನ ಪೆಡಲ್ ಕೆಳಗೆ ಒತ್ತಿದರೆ ಬೀಳುತ್ತವೆ, ಇಳಿಸಲು ಹಿಮ್ಮಡಿಯಿಂದ ಹಿಂದಿನದನ್ನು ಒತ್ತಬೇಕು. 150 ಸಿಸಿಯ ಹೆಚ್ಚಿನ ಬೈಕುಗಳಲ್ಲಿ ಒಂದನೇ ಗೇರು ಕೆಳಗೆ, ಉಳಿದವು ಮೇಲೆ. ಮನೆಯಲ್ಲಿ ಎರಡೂ ತರಹದ ಗಾಡಿ ಇದ್ದರೆ ಕಲಿಯುವಷ್ಟು ದಿನ ಒಂದನ್ನೇ ಓಡಿಸಿ. ಕಾಲಿಗೆ ರೂಢಿ ಕೂರುವ ಮೊದಲು ಬದಲಾಯಿಸಿದರೆ ಗೇರು ಏರಿಸುವ ಕಡೆ ಇಳಿಸಿ ಗಾಡಿ ಮುಗ್ಗರಿಸುತ್ತದೆ.

ಈಗ ಬ್ರೇಕು. ನಾನು ಓಡಿಸುವ ಸಾದಾ ಸ್ಪ್ಲೆಂಡರ್ ಪ್ಲಸ್‌ನಲ್ಲಿ ಎರಡೂ ಕಡೆ 130 ಮಿಲಿಮೀಟರ್ ಡ್ರಮ್, ಅಂದರೆ ಚಕ್ರದ ನಡುವಿನ ಮುಚ್ಚಿದ ಡಬ್ಬಿಯೊಳಗೆ ಹಿಡಿಯುವ ಬ್ರೇಕು. ಕಾಲಿನ ಬ್ರೇಕ್ ಒತ್ತಿದರೆ ಮುಂದಿನದೂ ಸ್ವಲ್ಪ ಹಿಡಿಯುವ ವ್ಯವಸ್ಥೆ ಇದೆ. 2019ರಲ್ಲಿ 125 ಸಿಸಿವರೆಗಿನ ಹೊಸ ಗಾಡಿಗಳಿಗೆಲ್ಲ ಇದು ಇಲ್ಲವೇ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದರೂ ಚಕ್ರ ಬಿಗಿದು ಜಾರದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾಯಿತು. ಕಾಲಿನ ಬ್ರೇಕಿನ ಈ ವ್ಯವಸ್ಥೆ ಹೊಸಬರಿಗೆ ನಿಜವಾಗಿ ಒಳ್ಳೆಯದು, ಯಾಕೆಂದರೆ ಗಾಬರಿಯಲ್ಲಿ ಎಲ್ಲರೂ ಒತ್ತುವುದು ಕಾಲಿನದನ್ನೇ. ಆದರೆ ಡ್ರಮ್ ಬ್ರೇಕಿಗೆ, ಹೊರಗೆ ಕಾಣುವ ತಟ್ಟೆಯನ್ನು ಹಿಡಿಯುವ ಡಿಸ್ಕ್ ಬ್ರೇಕಿನ ಹಿಡಿತ ಬರುವುದಿಲ್ಲ. ಹಳ್ಳದ ನೀರು ದಾಟಿದ ಮೇಲೆ ಯಾವ ಡ್ರಮ್ಮಾದರೂ ಸ್ವಲ್ಪ ಹೊತ್ತು ಸರಿಯಾಗಿ ಹಿಡಿಯದು. ಹಾಗೆ ದಾಟಿದ ಕೂಡಲೆ ನಾನು ಸ್ವಲ್ಪ ದೂರ ಬ್ರೇಕನ್ನು ಮೆಲ್ಲಗೆ ಒತ್ತಿಕೊಂಡೇ ಹೋಗುತ್ತೇನೆ, ಒಳಗಿನ ನೀರು ಬಿಸಿಗೆ ಆರುತ್ತದೆ. ದೇವಿಮನೆ ಘಟ್ಟ ಇಳಿಯುವಾಗ ಎರಡನೇ ಗೇರಿನಲ್ಲೇ ಇಳಿಯಬೇಕು, ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ಪೆಟ್ರೋಲ್ ಉಳಿಯುತ್ತದೆ ಅಂತ ನ್ಯೂಟ್ರಲ್ ಮಾಡಿ ಇಳಿಯುವವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ದಯವಿಟ್ಟು ಅದನ್ನು ಮಾಡಬೇಡಿ. ಇಡೀ ಭಾರ ಎರಡು ಸಣ್ಣ ಡ್ರಮ್ಮಿನ ಮೇಲೆ ಬೀಳುತ್ತದೆ, ಕಾದ ಡ್ರಮ್ಮು ಹಿಡಿಯುವುದಿಲ್ಲ. ಎಫ್‌ಐ (ಕಾರ್ಬುರೇಟರ್ ಬದಲು ಪೆಟ್ರೋಲನ್ನು ಅಳೆದು ಚಿಮ್ಮಿಸುವ) ಗಾಡಿಗಳಲ್ಲಿ ಎಕ್ಸಲೇಟರ್ ಪೂರ್ತಿ ಬಿಟ್ಟು ಗೇರಿನಲ್ಲಿ ಇಳಿದರೆ ಸಾಮಾನ್ಯವಾಗಿ ಎಂಜಿನ್ನಿಗೆ ಹೋಗುವ ಪೆಟ್ರೋಲೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುತ್ತಿರಲು ಅದು ಬೇಕೇ ಬೇಕು.

ಡ್ರಮ್ಮಿನಲ್ಲೂ ಒಂದು ಸುಖ ಇದೆ: ಬಿಗಿ ನಾವೇ ಮಾಡಿಕೊಳ್ಳಬಹುದು. ಹಿಂದಿನ ಚಕ್ರದ ಬಳಿ ಬ್ರೇಕ್ ರಾಡಿನ ತುದಿಗೆ ಒಂದು ನಟ್ಟು ಇದೆ. ಪೆಡಲ್ ಜಾಸ್ತಿ ಕೆಳಗೆ ಹೋಗತೊಡಗಿದರೆ ಆ ನಟ್ಟನ್ನು ಅರ್ಧ ಸುತ್ತು ತಿರುಗಿಸಿ, ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ ಚಕ್ರವನ್ನು ಕೈಯಲ್ಲಿ ತಿರುಗಿಸಿ ನೋಡುವುದು. ಸರಾಗ ತಿರುಗಬೇಕು, ಎಲ್ಲೂ ಉಜ್ಜಬಾರದು. ಅಲ್ಲೇ ಪಕ್ಕದಲ್ಲಿ ಸಣ್ಣ ಬಾಣದ ಗುರುತು ಇದೆ. ಬ್ರೇಕ್ ಪೂರ್ತಿ ಒತ್ತಿ ಹಿಡಿದಾಗ ಆ ಬಾಣ ಕೊನೆಯ ಗುರುತು ಮುಟ್ಟಿದರೆ ಲೈನರ್ ಸವೆದಿದೆ ಅಂತ ಅರ್ಥ. ಇಷ್ಟು ಗೊತ್ತಿದ್ದರೆ ಬ್ರೇಕಿಗೋಸ್ಕರ ಗ್ಯಾರೇಜಿನ ಮುಂದೆ ಕಾಯುವ ಕೆಲಸ ಇಲ್ಲ.

ಆದರೂ ಮಳೆನಾಡಿಗೆ ಮುಂದೆ ಡಿಸ್ಕ್ ಬೇಕು ಅನ್ನುವುದು ನನ್ನ ಅಭಿಪ್ರಾಯ. ಬಜಾಜ್‌ನವರು 2022ರ ಕೊನೆಗೆ ಪ್ಲಾಟಿನಾ 110ರಲ್ಲಿ ಎಬಿಎಸ್ ಕೊಟ್ಟಿದ್ದರು. 110 ಸಿಸಿ ಗಾಡಿಗೆ ಅದನ್ನು ಕೂರಿಸಲು ಸಾಧ್ಯ ಅಂತ ಅಲ್ಲೇ ಗೊತ್ತಾಯಿತಲ್ಲ, ಎಲ್ಲ ಕಂಪನಿಯವರೂ ಕೊಡಲಿ. ಸ್ಪ್ಲೆಂಡರ್ ಎಕ್ಸ್‌ಟೆಕ್‌ನಲ್ಲಿ ಮುಂದೆ ಡಿಸ್ಕ್ ಇರುವ ಮಾದರಿ ಬಂದಿದೆ. ಇವತ್ತು ತಗೊಳ್ಳುವುದಾದರೆ ನಾನು ಅದನ್ನೇ ತಗೊಳ್ಳುತ್ತಿದ್ದೆ. ಹೆಡ್‌ಲೈಟಿನ ವಿಷಯದಲ್ಲೂ ಒಂದು ಮಾತು. ಸಾದಾ ಮಾದರಿಯದು ಹ್ಯಾಲೊಜೆನ್, ಬೀದಿದೀಪ ಇಲ್ಲದ ಕಾಡಿನ ತಿರುವಿಗೆ ಎಲ್‌ಇಡಿ ಮೇಲು.

ಮೈಲೇಜು ಹೇಳದೆ ಬಿಟ್ಟರೆ ಓದಿದವರು ಬಿಡುವುದಿಲ್ಲ: ನನ್ನ ಏರುತಗ್ಗಿನ ಓಡಾಟದಲ್ಲಿ ಲೀಟರಿಗೆ 60ರ ಮೇಲೆಯೇ ಸಿಗುತ್ತಿದೆ. ಟ್ಯಾಂಕು 9.8 ಲೀಟರು. ಸಿಗ್ನಲ್ಲಿನಲ್ಲಿ ನ್ಯೂಟ್ರಲ್ ಮಾಡಿದರೆ ಎಂಜಿನ್ ತಾನೇ ನಿಂತು, ಕ್ಲಚ್ ಹಿಡಿದಾಗ ತಾನೇ ಶುರುವಾಗುವ ಐ3ಎಸ್ ಅನುಕೂಲ ಪೇಟೆಯವರಿಗೆ. ನನಗೆ ಅದಕ್ಕಿಂತ ಖುಷಿ ಕೊಟ್ಟದ್ದು ಚೈನಿಗೆ ಪೂರ್ತಿ ಮುಚ್ಚಿದ ಕವರು. ಕೆಸರು ಒಳಗೆ ಹೋಗುವುದಿಲ್ಲ, ಚೂಡಿದಾರದ ವೇಲು ಸಿಕ್ಕಿಕೊಳ್ಳುವ ಹೆದರಿಕೆ ಇಲ್ಲ. ಕಿಕ್ಕರ್ ಉಳಿಸಿದ್ದಾರೆ, ಅದೂ ಬೇಕಾದದ್ದೇ. ಕ್ಯಾನಿಗೆ ಹಿಂದೆ ಕಬ್ಬಿಣದ ಕ್ಯಾರಿಯರ್ ಮಾಡಿಸಿ, ಒಳಗೆ ಹಳೆ ಟ್ಯೂಬಿನ ರಬ್ಬರು ಹಾಸಿ, ಎರಡು ಬೆಲ್ಟಿನಲ್ಲಿ ಬಿಗಿದಿದ್ದೇನೆ. ಅಲುಗುವುದಿಲ್ಲ.

ಇದರ ಮಿತಿಯೂ ಗೊತ್ತಿರಲಿ. ಇಬ್ಬರು ಕೂತು ಘಟ್ಟ ಹತ್ತಿದರೆ ಎರಡನೇ ಗೇರೇ ಗತಿ, ಹಿಂದಿನ ಲಾರಿಗೆ ದಾರಿ ಬಿಡಬೇಕು. ದಿನಾ ಹೆದ್ದಾರಿಯಲ್ಲಿ ಹೋಗಿಬರುವವರಿಗೆ 100 ಸಿಸಿ ಗಾಡಿ ಸರಿಯಲ್ಲ. ಓವರ್‌ಟೇಕ್ ಮಾಡುವಾಗ ಬೇಕಾದ ದಮ್ಮು ಇದರಲ್ಲಿ ಇಲ್ಲ. ಅವರು 125 ಸಿಸಿ ನೋಡಲಿ, ಡಿಸ್ಕ್ ಇರುವುದನ್ನೇ ನೋಡಲಿ. ಹುಬ್ಬಳ್ಳಿ, ಬೆಂಗಳೂರಿನ ಒಳಗೆ ಮಾತ್ರ ಓಡಿಸುವವರಿಗೆ ಶೈನ್ 100 ಇನ್ನೂ ಹಗುರವಾಗಿ ಅನ್ನಿಸಬಹುದು.

ದುಡ್ಡಿನ ಕಡೆ ಎರಡು ಮಾತು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿನ ಜಿಎಸ್‌ಟಿ 28ರಿಂದ 18 ಶೇಕಡಕ್ಕೆ ಇಳಿದಿದೆ, ಹಳೆಯ ದರಪಟ್ಟಿ ತೋರಿಸಿದರೆ ಒಪ್ಪಬೇಡಿ. ನಾನು ವಿಚಾರಿಸಿದ ಒಂದು ಶೋರೂಮಿನವರು ತೆರಿಗೆ, ನೋಂದಣಿ, ವಿಮೆ ಎಲ್ಲ ಒಂದೇ ಮೊತ್ತ ಮಾಡಿ, ಕೆಳಗೆ ಹ್ಯಾಂಡ್ಲಿಂಗ್ ಚಾರ್ಜ್ ಅಂತ ಇನ್ನೊಂದು ಸಾಲು ಬರೆದುಕೊಟ್ಟರು. ಬಿಡಿಸಿ ಬರೆಯಿರಿ ಅಂದ ಮೇಲೆ ಆ ಸಾಲು ಹೋಯಿತು. ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. 75ರಿಂದ 150 ಸಿಸಿಗೆ 2022ರಲ್ಲಿ ನಿಗದಿಯಾದ ದರ 3,851 ರೂಪಾಯಿ, ಮೇಲೆ ತೆರಿಗೆ. ವಿಮೆಯನ್ನು ಶೋರೂಮಿನಲ್ಲೇ ಮಾಡಿಸಬೇಕೆಂದೇನೂ ಇಲ್ಲ. ಗಾಡಿಯ ಜೊತೆ ಹೆಲ್ಮೆಟ್ ಕೊಡಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮದಲ್ಲೇ ಇದೆ, ಕೇಳಿ ತಗೊಳ್ಳಿ.

ನನ್ನ ಹಾಗೆ ಸ್ಕೂಟರಿನಿಂದ ಬೈಕಿಗೆ ಬರುವ ಹೆಣ್ಣುಮಕ್ಕಳು ಮೊದಲು ತಮ್ಮ ಲೈಸೆನ್ಸ್ ತೆಗೆದು ನೋಡಿ. ಸ್ಕೂಟರಿನಲ್ಲಿ ಟೆಸ್ಟ್ ಕೊಟ್ಟಿದ್ದರೆ ಗೇರ್ ಇಲ್ಲದ ವಾಹನ ಅಂತ ಇರುತ್ತದೆ, ಅದರಲ್ಲಿ ಬೈಕು ಓಡಿಸುವಂತಿಲ್ಲ. ಗೇರ್ ಇರುವ ವರ್ಗಕ್ಕೆ ಮತ್ತೆ ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಮಾಡಿಸಿ, 30 ದಿನ ಕಳೆದ ಮೇಲೆ ಆರ್‌ಟಿಒ ಕಚೇರಿಯಲ್ಲಿ ಟೆಸ್ಟ್ ಕೊಡಬೇಕು. ಎಲ್‌ಎಲ್‌ಗೆ ಆರು ತಿಂಗಳ ಅವಧಿ ಇದೆ, ಅವಸರ ಬೇಡ.

ಟೆಸ್ಟ್ ರೈಡ್‌ಗೆ ಶೋರೂಮಿನ ಮುಂದಿನ ನುಣುಪು ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬಂದರೆ ಏನೂ ತಿಳಿಯುವುದಿಲ್ಲ. ಗುಂಡಿ ಬಿದ್ದ ಒಂದು ಅಡ್ಡರಸ್ತೆಗೆ ಕರೆದುಕೊಂಡು ಹೋಗಿ ಅಂತ ಹೇಳಿ. ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿ, ಎರಡನೇ ಗೇರಿನಲ್ಲಿ ನಡಿಗೆಯ ವೇಗಕ್ಕೆ ಇಳಿಸಿ ನೋಡಿ, ಗಾಡಿಯನ್ನು ಆಫ್ ಮಾಡಿ ಹಿಂದಕ್ಕೆ ತಳ್ಳಿ ತಿರುಗಿಸಿ. ನಿಮ್ಮ ಹಿಂದೆ ದಿನಾ ಕೂರುವವರು ಯಾರೋ ಅವರನ್ನೂ ಕೂರಿಸಿಕೊಂಡೇ ಮಾಡಿ.