ಫೋನಲ್ಲಿ ಬರೀ ಹೆಸರು ಹೇಳಿ ಜನರೇಟರ್ ಬುಕ್ ಮಾಡಬೇಡಿ

ಮಳೆಗಾಲಕ್ಕೆ ಮೊದಲೇ ಒಂದು ಸಣ್ಣ ಪೆಟ್ರೋಲ್ ಜನರೇಟರ್ ತಗೊಳ್ಳೋಣ ಅಂತಿರುವ ಮಲೆನಾಡಿನವರು ದಯವಿಟ್ಟು ಇದನ್ನು ಓದಿ. ನಮಗೆ ದೊಡ್ಡ ಮೋಸವಾಗಿದೆ.

ನಾವು ಕೇಳಿದ್ದು ಹೋಂಡಾ. ಅಂಗಡಿಯವರು ಫೋನಲ್ಲಿ, 'ಹೊಂಡಾ ತಾನೆ ಸರ್, ಸ್ಟಾಕ್ ಇದೆ, ಅಡ್ವಾನ್ಸ್ ಹಾಕಿ' ಎಂದರು. ಬಂದ ಮಾಲಿಗೆ ಅದೇ ಕೆಂಪು ಬಣ್ಣ, ಅದೇ ಥರದ ಬರಹ. ಹೆಸರಲ್ಲಿ ಒಂದಕ್ಷರ ಮಾತ್ರ ಬೇರೆ! ಕೇಳಿದರೆ, 'ನಾವು ಹೇಳಿದ್ದು ಇದನ್ನೇ' ಎಂದುಬಿಟ್ಟರು. ಇದು ಬೇಕಂತಲೇ ಮಾಡಿದ್ದು.

ಜಪಾನಿನವರು ಆ ಹೆಸರನ್ನು 'ಹೊನ್ದ' ಅನ್ನುತ್ತಾರೆ. ಕಂಪನಿ ಕಟ್ಟಿದ ಸೋಯಿಚಿರೊ ಅವರ ಮನೆತನದ ಹೆಸರದು. ನಮ್ಮ ಬಾಯಲ್ಲಿ ಹೋಂಡಾ, ಹೊಂಡಾ ಎರಡೂ ನಡೆಯುತ್ತವೆ. ನಾವು ಹ್ಯುಂಡೈ ಅನ್ನುವುದು ಕೊರಿಯಾದಲ್ಲಿ 'ಹ್ಯೊನ್‌ದೆ'. ಯಾರು ಹೇಗೆ ಹೇಳಿದರೂ ತಪ್ಪಿಲ್ಲ. ಆದರೆ ನಕಲಿ ಮಾಲು ನುಸುಳುವುದು ಈ ಸಡಿಲದಲ್ಲೇ.

ಮಾಡೆಲ್ ವಿಷಯದಲ್ಲಿ ಗೊಂದಲ ಇನ್ನೂ ಜಾಸ್ತಿ. ಹೋಂಡಾದಲ್ಲಿ 'ಇಯು' ಅಂದರೆ ಇನ್ವರ್ಟರ್ ಜನರೇಟರ್, ಅಂದರೆ ವೋಲ್ಟೇಜ್ ಏರಿಳಿಯದ ಹಾಗೆ ಕರೆಂಟ್ ಕೊಡುವಂಥದ್ದು, ಕಂಪ್ಯೂಟರ್‌ಗೂ ಆಗುತ್ತದೆ. 'ಇಪಿ' ಬೇರೆ, 'ಇಬಿ' ಬೇರೆ. ಫೋನಲ್ಲಿ ಪಿ ಯಾವುದು, ಬಿ ಯಾವುದು ಅಂತ ಹೇಗೆ ಗೊತ್ತಾಗಬೇಕು? ಸಂಖ್ಯೆಯನ್ನೂ ಸುಮ್ನೆ ನಂಬಬೇಡಿ. ಇಯು22ಐ ಅನ್ನುವ ಮಾಡೆಲ್ ಗರಿಷ್ಠ ಕೊಡುವುದು 2.2 ಕೆವಿಎ (ಜನರೇಟರ್ ಸಾಮರ್ಥ್ಯದ ಅಳತೆ), ಆದರೆ ಸತತವಾಗಿ ಕೊಡುವುದು 1.8 ಮಾತ್ರ. ಅಂಗಡಿಯಲ್ಲಿ ದೊಡ್ಡ ಅಂಕಿಯನ್ನಷ್ಟೇ ಹೇಳುತ್ತಾರೆ.

ನಮ್ಮ ಮನೆಗೆ ಬಂದದ್ದರಲ್ಲಿ ವೋಲ್ಟೇಜ್ ಒಂದೇ ಸಮ ನಿಲ್ಲುತ್ತಿರಲಿಲ್ಲ. ಫ್ರಿಜ್ಜಿನ ಬೋರ್ಡ್ ಸುಟ್ಟುಹೋಯಿತು. ಹೋಂಡಾ ಕಂಪನಿಯ ಸರ್ವಿಸ್ ಸೆಂಟರ್‌ನವರು ಜನರೇಟರಿನ ನಂಬರ್ ನೋಡಿ, ಇದು ನಮ್ಮದಲ್ಲ ಎಂದು ವಾಪಸ್ ಕಳಿಸಿದರು. ಅಮ್ಮನ ಇನ್ಸುಲಿನ್ ಅದೇ ಫ್ರಿಜ್ಜಿನಲ್ಲಿತ್ತು. ನನಗೆ ಹೆಚ್ಚು ಸಿಟ್ಟು ಬಂದದ್ದು ಅದಕ್ಕೇ.

ದುಡ್ಡು ಕೊಡುವ ಮೊದಲು ಬ್ರ್ಯಾಂಡ್ ಮತ್ತು ಮಾಡೆಲನ್ನು ಇಂಗ್ಲಿಷ್ ಅಕ್ಷರದಲ್ಲಿ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಎಂಜಿನ್ ಮೇಲಿನ ನಂಬರಿನ ಫೋಟೊ ತರಿಸಿ, ಅಧಿಕೃತ ಡೀಲರ್‌ಗೆ ತೋರಿಸಿ. ಜಿಎಸ್‌ಟಿ ಬಿಲ್ಲಿನಲ್ಲೂ ಅದೇ ಹೆಸರು, ಅದೇ ನಂಬರ್ ಇರಬೇಕು. ಬರೀ 'ಜನರೇಟರ್ ಸೆಟ್' ಎಂದು ಬರೆದ ಬಿಲ್ ಬೇಡವೇ ಬೇಡ, ನಮಗೆ ಕೊಟ್ಟದ್ದು ಅಂಥದ್ದೇ. 'ಪೆಟ್ಟಿಗೆ ಬಿಚ್ಚಿದ ಮೇಲೆ ವಾಪಸ್ ಇಲ್ಲ' ಎಂದು ಹೆದರಿಸಿದರೆ ಸುಮ್ಮನಾಗಬೇಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ನಮ್ಮ ದೂರೂ ಅಲ್ಲೇ ಇದೆ, ಹಣ ಇನ್ನೂ ಬಂದಿಲ್ಲ.